ಐರನ್‌ವುಡ್‌ನಲ್ಲಿ ಲಟ್ಟಣಿಗೆ ಮಾಡೋದು ಹೇಗೆ? ಗರಗಸವೇ ಇಳೀತಿಲ್ಲ

ಟೂಸಾನ್ ಸಂತು: ನಮಸ್ಕಾರ ಎಲ್ರಿಗೂ. ನಾನಿರೋದು ಅರಿಜೋನಾದಲ್ಲಿ, ಮರಗೆಲಸ ಬರೀ ಹವ್ಯಾಸ. ಪಕ್ಕದ್ಮನೆ ಅಜ್ಜ ಅವರ ಹಿತ್ತಲಲ್ಲಿ ಎಷ್ಟೋ ವರ್ಷದಿಂದ ಒಣಗಿ ನಿಂತಿದ್ದ ಐರನ್‌ವುಡ್ ಅನ್ನೋ ಮರದ್ದು ಒಂದು ತುಂಡು ಕೊಟ್ರು, ಒಂದು ಮೊಳ ಇದೆ ಅಷ್ಟೇ, ಎತ್ತಿದ್ರೆ ಗುಂಡುಕಲ್ಲು ಎತ್ತಿದ ಹಾಗೆ, ಬಕೆಟ್ ನೀರಿಗೆ ಹಾಕಿದ್ರೆ ಸೀದಾ ತಳಕ್ಕೆ ಹೋಯ್ತು. ಅಮ್ಮ ಬರ್ತಿದಾರೆ, ಅವರಿಗೆ ಲಟ್ಟಣಿಗೆ ಮಾಡ್ಕೊಡೋ ಆಸೆ. ಗರಗಸದ ಹಲ್ಲೆಲ್ಲಾ ಮೊಂಡಾಯ್ತು. ಯಾರಾದ್ರೂ ಇದರಲ್ಲಿ ಕೆಲಸ ಮಾಡಿದೀರಾ?

ಉಳಿಬಾಯಿ: ಮಾಡಿದೀನಿ ಸರ್. ಕೈಗರಗಸ ಬಿಟ್ಬಿಡಿ. ಲೇತ್ (ಮರ ತಿರುಗಿಸಿ ಕಡೆಯೋ ಯಂತ್ರ) ಇದ್ರೆ ತುಂಬಾ ಗಟ್ಟಿಯಾದ ಕಾರ್ಬೈಡ್ ತುದಿಯ ಟೂಲ್ ಹಾಕಿ, ಸ್ವಲ್ಪಸ್ವಲ್ಪವೇ ಕೆರೀತಾ ಹೋಗಿ, ಇಲ್ಲಾಂದ್ರೆ ಒರಟು ಅರವೇ ಗತಿ. ಮಾಸ್ಕ್ ಹಾಕ್ಲೇಬೇಕು, ಇದರ ಧೂಳು ಮೂಗು ಗಂಟ್ಲು ಉರಿಸುತ್ತೆ. ಹೊರಗಿನ ಹಳದಿ ಭಾಗ ತೆಗೆದು ಒಳಗಿನ ಕಪ್ಪು ಚೇಗು ಮಾತ್ರ ಇಟ್ಕೊಳ್ಳಿ, ಉಜ್ಜಿದ್ರೆ ಕನ್ನಡಿ ಥರ ಹೊಳೆಯುತ್ತೆ. ಮೊದ್ಲು ಬಿರುಕು ಇದೆಯಾ ನೋಡಿ, ಒಳಗಡೆ ಸೀಳಿದ್ರೆ ಲೇತ್‌ನಲ್ಲಿ ಹಾರುತ್ತೆ.

ಮರಳುಗಾಡಿನ ಮಾಲಾ: ಒಣಗಿದ ಮರದ್ದು ಅಂದ್ರಲ್ಲ, ಸಮಾಧಾನ ಆಯ್ತು. ನಿಮ್ಮ ಅರಿಜೋನಾದಿಂದ ಮೆಕ್ಸಿಕೋವರೆಗೂ ಹಬ್ಬಿರೋ ಸೋನೋರಾ ಮರಳುಗಾಡು ಬಿಟ್ರೆ ಈ ಮರ ಬೇರೆಲ್ಲೂ ತಾನಾಗಿ ಬೆಳೆಯಲ್ಲ. ಅವರೆ, ತೊಗರಿ ಕುಟುಂಬದ್ದೇ, ಬೇಸಿಗೆ ಶುರುವಲ್ಲಿ ನಸುನೇರಳೆ ಹೂ ಬಿಡುತ್ತೆ. ನೂರಾರು ವರ್ಷ ಬದುಕುತ್ತೆ, ಸತ್ತ ಮೇಲೂ ಗೆದ್ದಲಿಗೆ ಬಗ್ಗದೆ ನಿಂತಿರುತ್ತೆ. ಸಾಗುವಾರೊ ಕಳ್ಳಿಯ ಎಳೆ ಸಸಿ ಬಿಸಿಲು, ಚಳಿ ಎರಡರಿಂದಲೂ ಉಳಿಯೋದು ಇಂಥಾ ಮರದ ಬುಡದಲ್ಲೇ, ಅದಕ್ಕೇ ಹಸಿ ಮರ ಕಡಿದ್ರೆ ಹೊಟ್ಟೆ ಉರಿಯುತ್ತೆ ನಂಗೆ. ಮೆಕ್ಸಿಕೋ ಕಡೆ ಸೆರಿ ಅನ್ನೋ ಮೂಲನಿವಾಸಿ ಜನ 1960ರ ದಶಕದಿಂದ ಇದರಲ್ಲಿ ಆಮೆ, ಡಾಲ್ಫಿನ್ ಕೆತ್ತಿ ಹೊಟ್ಟೆ ಹೊರೀತಿದ್ರು, ಅವರು ಬಳಸ್ತಿದ್ದಿದ್ದು ಒಣಮರ, ಆಮೇಲೆ ಹೊರಗಿನವರು ಮೆಷಿನ್ ಇಟ್ಟು ಅದನ್ನೇ ರಾಶಿರಾಶಿ ಮಾಡೋಕೆ ಶುರುಮಾಡಿದ್ರು, ಇದ್ದಿಲಿಗೂ ಕಡಿದ್ರು, ಮರ ಕಮ್ಮಿಯಾಯ್ತು. ನಿಮ್ಮೂರ ಹತ್ರಾನೇ 2000ರಲ್ಲಿ ಐರನ್‌ವುಡ್ ಫಾರೆಸ್ಟ್ ನ್ಯಾಷನಲ್ ಮಾನ್ಯುಮೆಂಟ್ ಅಂತ ಸಂರಕ್ಷಿತ ಪ್ರದೇಶ ಮಾಡಿದಾರೆ, ಅಮ್ಮನ್ನ ಕರ್ಕೊಂಡು ಹೋಗಿ, ಆದ್ರೆ ಅಲ್ಲಿಂದ ಒಂದು ಕಡ್ಡೀನೂ ತರಬೇಡಿ.

ದುರ್ಗದ ಹುಡುಗ: ನಮ್ಮ ಚಿತ್ರದುರ್ಗ, ತುಮಕೂರು ಕಡೆ ಕಮರ ಅಂತ ಇದೆಯಲ್ಲ ಅಣ್ಣಾ, ಅದೂ ಇದೇ ಥರ, ನಮ್ಮ ದೇಶದ ಅತಿ ಭಾರದ ಮರಗಳಲ್ಲಿ ಒಂದು. ನಮ್ಮ ತಾತ ಹಸಿ ಇದ್ದಾಗ್ಲೇ ಕೆತ್ತಿಬಿಡಬೇಕು, ಒಣಗಿದ್ರೆ ಕೊಡಲಿ ಚಿಮ್ಮುತ್ತೆ ಅಂತಿದ್ರು.

ಟೂಸಾನ್ ಸಂತು: ಎಲ್ರಿಗೂ ಥ್ಯಾಂಕ್ಸ್. ನೋಡಿದೆ, ಒಂದು ತುದೀಲಿ ನಾಲ್ಕು ಬೆರಳುದ್ದ ಬಿರುಕಿದೆ. ಅದನ್ನ ಕತ್ತರಿಸಿ ತೆಗೆದ್ರೂ ಚಪಾತಿಗೆ ಸಾಲೋಷ್ಟು ಉದ್ದ ಉಳಿಯುತ್ತೆ. ಗೆಳೆಯನ ಲೇತ್ ಕೇಳಿದೀನಿ, ಶನಿವಾರ ಹೋಗ್ತೀನಿ.