ಮಾವ, ಆ ಫೋಟೋ ಮೊದಲು ಡಿಲೀಟ್ ಮಾಡಿ

ಶ್ರೀಧರ ಮಾವ: [ಫೋಟೋ]
ನೋಡಿ, ಫ್ಯಾಮಿಲಿ ಕೋರ್ಟ್ ಆರ್ಡರ್. ನಾಲ್ಕು ವರ್ಷದ ಮಗು. ಹೆತ್ತ ಅಪ್ಪನಿಗೆ ಶನಿವಾರ ಎರಡೇ ಗಂಟೆ, ಅದೂ ಕೋರ್ಟಿನ ಮಕ್ಕಳ ಕೋಣೆಯಲ್ಲಿ! ವಿಚಾರಣೆ ಶುರುವೇ ಆಗಿಲ್ಲ, ಆಗಲೇ ತೀರ್ಪು. ಎಲ್ಲರಿಗೂ ಕಳಿಸಿ.

ವಿನಯ: ಛೇ. ಅಪ್ಪಂದಿರ ಹಣೆಬರಹವೇ ಇಷ್ಟು.

ಲಲಿತಾ ದೊಡ್ಡಮ್ಮ: ಪಾಪ ಮಗು

ರೂಪಾ: ಮಾವ, ಮೊದಲು ಆ ಫೋಟೋ ಡಿಲೀಟ್ ಮಾಡಿ. ಮಗುವಿನ ಹೆಸರಿದೆ. ಶಾಲೆಯ ಹೆಸರೂ ಇದೆ.

ಶ್ರೀಧರ ಮಾವ: ನಾನು ಬರೆದದ್ದಾ? ಊರೆಲ್ಲ ಸುತ್ತಿ ಬಂದಿದೆ. ನೀನು ವಿಷಯಕ್ಕೆ ಬಾ ಲಾಯರಮ್ಮ. ಇದು ಅನ್ಯಾಯವೋ ಅಲ್ಲವೋ?

ರೂಪಾ: ಇದು ತೀರ್ಪಲ್ಲ ಮಾವ, ಮಧ್ಯಂತರ ಆದೇಶ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ. ಕೇಸ್ ಮುಗಿಯುವವರೆಗೆ ಮಗು ಯಾರ ಹತ್ತಿರ ಇರಬೇಕು ಅಂತ, ಅಷ್ಟೇ. ಬದಲಾಯಿಸಿ ಅಂತ ಮತ್ತೆ ಅರ್ಜಿ ಹಾಕಬಹುದು.

ವಿನಯ: "ಅಷ್ಟೇ" ಅಂತೆ. ನಮ್ಮ ಆಫೀಸಿನ ಒಬ್ಬರದ್ದು ಮಧ್ಯಂತರ ಅಂತಲೇ ಮೂರು ವರ್ಷ ಎಳೆಯಿತು ಅಕ್ಕ. ಕೊನೆಗೆ ಮಗು ಅಲ್ಲೇ ಹೊಂದಿಕೊಂಡಿದೆ, ಈಗ ಅಲುಗಾಡಿಸುವುದು ಬೇಡ ಅಂದರು. ತಾತ್ಕಾಲಿಕ ಅನ್ನುವುದು ಸುಮ್ನೆ ಹೆಸರಿಗೆ.

ರೂಪಾ: ಒಪ್ಪಿದೆ. ಅದಕ್ಕೇ ಆ ಮೊದಲ ಅರ್ಜಿಗೆ ನಾವು ಅಷ್ಟು ಒದ್ದಾಡುವುದು. ಆವತ್ತು ಜಡ್ಜ್ ಮುಂದೆ ಇರುವುದು ಎರಡು ಅಫಿಡವಿಟ್. ಹೊಡೆದ ಅಂತ ಒಂದು, ಮುಟ್ಟೇ ಇಲ್ಲ ಅಂತ ಇನ್ನೊಂದು. ಪಾಟಿ ಸವಾಲು ಆಗಿಲ್ಲ. ಯಾರದ್ದು ನಿಜ ಅಂತ ಗೊತ್ತಿಲ್ಲ. ಆದರೂ ಮಗು ಇವತ್ತು ರಾತ್ರಿ ಎಲ್ಲಿ ಮಲಗಬೇಕು ಅಂತ ಹೇಳಲೇಬೇಕಲ್ಲ.

ಶ್ರೀಧರ ಮಾವ: ಅಂದರೆ ಸುಳ್ಳು ಬರೆದು ಮಗುವನ್ನು ಕಿತ್ತುಕೊಳ್ಳಬಹುದು ಅಂತಾಯಿತು!

ರೂಪಾ: ಸುಳ್ಳು ಬರೆಯುವವರಿದ್ದಾರೆ, ಎರಡೂ ಕಡೆ ನೋಡಿದ್ದೇನೆ. ಆದರೆ ಈ ಪುಟದ ಕೆಳಗೆ ಓದಿದಿರಾ? ಮಗುವಿನ ಕೈ ಮುರಿದದ್ದಕ್ಕೆ ಆಸ್ಪತ್ರೆ ಚೀಟಿ ಇದೆ. ಹೇಗೆ ಮುರಿಯಿತು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಕಲಂ ಪ್ರಕಾರ, ಭೇಟಿಯಿಂದ ಮಗುವಿಗೆ ಕೇಡು ಅನಿಸಿದರೆ ಮ್ಯಾಜಿಸ್ಟ್ರೇಟ್ ಭೇಟಿಯನ್ನೇ ಕೊಡಬಾರದು. ಇಲ್ಲಿನ ಜಡ್ಜ್ ಬಾಗಿಲು ಮುಚ್ಚಿಲ್ಲ. ನಾಲ್ಕು ಜನರ ಕಣ್ಣೆದುರು ನೋಡಲಿ ಅಂದಿದ್ದಾರೆ.

ಶ್ರೀಧರ ಮಾವ: ಡಿಲೀಟ್ ಮಾಡಿ ಅಂದವಳೇ ಕೊನೆ ಸಾಲಿನವರೆಗೆ ಓದಿ ಹೇಳುತ್ತಿದ್ದಾಳೆ ನೋಡಿ!

ರೂಪಾ: ಅದು ನನ್ನ ತಪ್ಪು. ಆ ಮೆಸೇಜ್ ತೆಗೆಯುತ್ತೇನೆ.

ಲಲಿತಾ ದೊಡ್ಡಮ್ಮ: ಐದು ವರ್ಷದವರೆಗೆ ಮಗು ತಾಯಿಗೇ ಅಲ್ವಾ?

ರೂಪಾ: 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯಲ್ಲಿ "ಸಾಮಾನ್ಯವಾಗಿ" ತಾಯಿಗೆ ಅಂತಿದೆ ದೊಡ್ಡಮ್ಮ. ಜಗಳವೆಲ್ಲ ಆ ಒಂದು ಪದದ ಮೇಲೆ. 2015ರಲ್ಲಿ ಗೋವಾದ ರೊಕ್ಸಾನ್ ಶರ್ಮಾ ಕೇಸ್ ಸುಪ್ರೀಂ ಕೋರ್ಟಿಗೆ ಹೋಯಿತು, ಅದೂ ಮಧ್ಯಂತರ ಕಸ್ಟಡಿಯದ್ದೇ. ಅಷ್ಟು ಚಿಕ್ಕ ಮಗು ತಾಯಿಯ ಹತ್ತಿರ ಇರಬಾರದು ಅನ್ನುವುದಾದರೆ ಕಾರಣವನ್ನು ಅಪ್ಪನೇ ತೋರಿಸಬೇಕು ಅಂದರು.

ವಿನಯ: ನಾನೂ ಈಗ ಗೂಗಲ್ ಮಾಡಿದೆ. 2020ರ ಯಶಿತಾ ಸಾಹು ಕೇಸ್. ಮಗುವಿಗೆ ಅಪ್ಪ ಅಮ್ಮ ಇಬ್ಬರ ಪ್ರೀತಿಯೂ ಬೇಕು, ದೂರ ಇದ್ದವರಿಗೆ ವಿಡಿಯೊ ಕಾಲ್ ಆದರೂ ಕೊಡಿ ಅಂತ ಅದೇ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ಯಾಕೆ ಹೇಳಲಿಲ್ಲ?

ರೂಪಾ: ಹೇಳಬೇಕಿತ್ತು. ಸರಿಯಾಗಿ ಹುಡುಕಿದೆ. ತೀರಾ ವಿಪರೀತ ಅನ್ನುವ ಕಡೆ ಬಿಟ್ಟು ಭೇಟಿ ತಪ್ಪಿಸಬಾರದು, ತಪ್ಪಿಸಿದರೆ ಕಾರಣ ಬರೆಯಬೇಕು ಅಂತಲೂ ಅದರಲ್ಲಿದೆ. ಈ ಅಪ್ಪನ ವಕೀಲರು ಅದನ್ನೇ ಹಿಡಿದು ಜಾಸ್ತಿ ಸಮಯ ಕೇಳಬಹುದು. ಆದರೆ ಫೋಟೋ ವಿಷಯ ಬೇರೆ ಮಾವ. ವಿವಾಹ ಕಾಯ್ದೆಯ 22ನೇ ಕಲಂ, ಈ ಕೇಸುಗಳು ಮುಚ್ಚಿದ ಬಾಗಿಲ ಒಳಗೆ ನಡೆಯಬೇಕು. ಅಲ್ಲಿಯದ್ದನ್ನು ಪ್ರಕಟಿಸಿದರೆ ದಂಡ.

ಶ್ರೀಧರ ಮಾವ: ಎಷ್ಟು?

ರೂಪಾ: ಸಾವಿರ ರೂಪಾಯಿವರೆಗೆ.

ಶ್ರೀಧರ ಮಾವ: ಹಹ್ಹಹ್ಹ. ಅಷ್ಟೇನಾ? ಕೊಟ್ಟುಬಿಡುತ್ತೇನೆ ಬಿಡು.

ಅನಿತಾ ಅತ್ತಿಗೆ: ನಾನು ಇಲ್ಲಿ ಯಾವತ್ತೂ ಬರೆಯುವುದಿಲ್ಲ. ಅಂಥ ಕೋಣೆಯಲ್ಲಿ ನಾನು ಕೂತಿದ್ದೇನೆ, ನನ್ನ ತಮ್ಮನ ಜೊತೆ. ಎಂಟು ತಿಂಗಳು. ಮಗಳಿಗೆ ಅಂತ ಡಬ್ಬಿಯಲ್ಲಿ ಚಕ್ಕುಲಿ ತರುತ್ತಿದ್ದ. ಅವಳಿಗೆ ಮೊದಲ ಅರ್ಧ ಗಂಟೆ ನಾಚಿಕೆಯಲ್ಲೇ ಹೋಗುತ್ತಿತ್ತು, ಆಮೇಲೆ ಮಾತು ಶುರುವಾಗುವಾಗ ಟೈಮ್ ಆಯಿತು ಅನ್ನುತ್ತಿದ್ದರು. ಆದ್ದರಿಂದ ಮಾವ ಹೇಳುವ ಸಂಕಟ ನನಗೆ ಗೊತ್ತು. ಆದರೆ ಇಂಥದ್ದೇ ಒಂದು ಪುಟ ಅವಳ ಶಾಲೆಯ ಪೇರೆಂಟ್ಸ್ ಗುಂಪಿಗೂ ಬಂದಿತ್ತು. ಎರಡನೇ ಕ್ಲಾಸು. "ನಿಮ್ಮಪ್ಪ ಹೊಡೆಯುತ್ತಾರಂತೆ, ಹೌದಾ?" ಅಂತ ಪಕ್ಕದ ಹುಡುಗ ಕೇಳಿದನಂತೆ. ಮುಂದಿನ ಶನಿವಾರ ಅವಳು ಬರಲಿಲ್ಲ.

ವಿನಯ: ಅತ್ತಿಗೆ...

ಶ್ರೀಧರ ಮಾವ: ಅನಿತಾ, ನನಗೆ ಇದು ಗೊತ್ತಿರಲಿಲ್ಲಮ್ಮ. ಆಯಿತು, ಡಿಲೀಟ್ ಮಾಡಿದೆ.

ವಿನಯ: ನಿಮ್ಮ ಫೋನಿನಲ್ಲಿ ಮಾತ್ರ ಹೋಗಿದೆ ಮಾವ. ನಮಗೆಲ್ಲ ಇನ್ನೂ ಕಾಣುತ್ತಿದೆ.

ಶ್ರೀಧರ ಮಾವ: ಅಯ್ಯೋ. ಈಗ?

ರೂಪಾ: ಗುಂಪಿನ ಅಡ್ಮಿನ್ ತೆಗೆಯಬಹುದು. ದೊಡ್ಡಮ್ಮ, ನೀವೇ ಅಲ್ವಾ? ಫೋಟೋ ಒತ್ತಿ ಹಿಡಿಯಿರಿ, ಕಸದ ಬುಟ್ಟಿ ಗುರುತು ಬರುತ್ತದೆ.

ಲಲಿತಾ ದೊಡ್ಡಮ್ಮ: ತೆಗೆದೆ. ಆದರೆ ಎಲ್ಲರಿಗೂ ಕಳಿಸಿ ಅಂದಿದ್ದನಲ್ಲ, ಬೆಳಿಗ್ಗೆಯೇ ನಮ್ಮ ಭಜನೆ ಗುಂಪಿಗೆ ಹಾಕಿದ್ದೇನೆ. ಅಲ್ಲಿ ನಾನು ಅಡ್ಮಿನ್ ಅಲ್ಲ.