ಹತ್ತು ದೇಶದ ಲೆಕ್ಕದಾಗ ಕೂಟ ಮೂರಕ್ಕ ಯಾಕ ನಿಲ್ಲತದ?

ಗುಮ್ಮಟದೂರು (ವಿಜಯಪುರ):
ಹವಾಮಾನ ಒಪ್ಪಂದದ ಗೇಮ್ ಥಿಯರಿ ಲೆಕ್ಕ, ಅಂದ್ರ ಒಬ್ಬರ ನಡೆ ನೋಡಿ ಇನ್ನೊಬ್ಬರು ತಮ್ಮ ಲಾಭ ಎಣಿಸೂ ಲೆಕ್ಕ. ಒಂದೇ ನಮೂನಿ 10 ದೇಶ ಅದಾವ. ಯಾರೇ ಒಂದು ಯೂನಿಟ್ ಹೊಗೆ ಕಡಿಮಿ ಮಾಡಿದ್ರೂ ಹತ್ತೂ ದೇಶಕ್ಕ ತಲಾ 1 ಲಾಭ. ಖರ್ಚು ಮಾತ್ರ ಕಡಿಮಿ ಮಾಡಿದವಂದೇ: ಕಡಿತವನ್ನ ಅದರಿಂದಲೇ ಗುಣಿಸಿದ್ದರ ಅರ್ಧ. ಕೂಟ ಅಂದ್ರ ಕೂಡಿ ಹೊಗೆ ಇಳಿಸೂ ದೇಶಗಳ ಗುಂಪು; ಅದರಾಗ ಎಷ್ಟು ದೇಶವೋ ತಲಾ ಅಷ್ಟು ಯೂನಿಟ್ ಕಡಿತ, ಹೊರಗಿನವಂದು ಬರೇ 1. 2ರ ಕೂಟದಾಗ ಸದಸ್ಯಗ 10, ಹೊರಗಿನವಗ 11.5. 3ರ ಕೂಟದಾಗ 11.5, ಹೊರಗ 15.5. ಎಲ್ಲಾ ಕಡೆ ಹೊರಗಿನವನೇ ಮೇಲು. ಅಂದ್ರ ಯಾವ ಕೂಟಾನೂ ನಿಲ್ಲಬಾರದು, ಆದ್ರ ಉತ್ತರ 3 ಅಂತದ. ಎಲ್ಲಿ ತಪ್ಪದರೀ?

ಕುಂದಾನಗರಿ (ಬೆಳಗಾವಿ):
ಅಂಕಿ ಸರಿ ಅದಾವ, ಹೋಲಿಕೆ ತಪ್ಪೈತಿ. 3ರ ಕೂಟ ಬಿಟ್ಟವಾ 2ರ ಕೂಟದ ಹೊರಗಿನವ ಆಗ್ತಾನ. ಒಳಗಿದ್ರ 11.5, ಬಿಟ್ರೂ 11.5. ಸಮ ಐತಿ, ಬಿಡಾಕ ಕಾರಣ ಇಲ್ಲ. 4ಕ್ಕ ಏರಿಸ್ರಿ: ಒಳಗ 14, ಬಿಟ್ರ 15.5. ಜಾರತಾನ. ಇದೇ ಕಾರಣಕ್ಕ 3ರ ಕೂಟಕ್ಕ ಹೊರಗಿನವ ಬಂದು ಸೇರೂದೂ ಇಲ್ಲ.

ಬಾಳ ಮಂದಿ ಎಡವೂ ಜಾಗ ಇನ್ನೊಂದೈತಿ. ಕೂಟದಾಗ ಎಷ್ಟು ಮಂದಿಯೋ ತಲಾ ಅಷ್ಟು ಯೂನಿಟ್ ಕಡಿತ. 4ರ ಕೂಟ ಒಬ್ಬ ಬಿಟ್ರ ಉಳಿದ ಮೂವರು 4ರಿಂದ 3ಕ್ಕ ಇಳೀತಾರ. ಅದನ್ನ ಮರೆತ್ರ ಬಿಟ್ಟವಗ 18.5 ಅಂತ ಸುಳ್ಳು ಉತ್ತರ ಬರತೈತಿ.

ಹತ್ತೂ ಕೂಡಿದ್ರ ತಲಾ 50, ಯಾರೂ ಕೂಡದಿದ್ರ ಬರೇ 9.5. ಆದ್ರ ಹತ್ತರಾಗ ಒಬ್ಬ ಜಾರಿದ್ರ ಅವಗ 81.5! ಹೊಲಗಾಲುವೆ ಹೂಳು ತೆಗಿಯಾಕ ಸಲಿಕಿ ಹಿಡಿದು ಬಂದವಗೂ ಮನ್ಯಾಗ ಕುಂತವಗೂ ನೀರು ಒಂದೇ ಅಲ್ರೀ.

ಎಡದಂಡೆ (ಬಾಗಲಕೋಟೆ):
ಜಾರೋ ಆಸೆಗೆ ಸೂತ್ರವೇ ಇದೆ: ಕೂಟದ ಗಾತ್ರದಲ್ಲಿ 1 ಕಳೆದದ್ದು ಗುಣಿಸು 3 ಕಳೆದದ್ದು, ಅದರ ಅರ್ಧ. 10ಕ್ಕೆ 9×7÷2, ಅಂದರೆ 31.5. ಬಿಟ್ಟವನಿಗೆ ಅಷ್ಟು ದಂಡ ಬಿದ್ದರೆ ಹತ್ತೂ ನಿಲ್ಲುತ್ತವೆ. ಉಳಿದ 9 ಜನ ಹಂಚಿಕೊಂಡು ಹಾಕಿದರೆ ತಲಾ 3.5 ಸಾಕು. ಅರ್ಥಶಾಸ್ತ್ರಜ್ಞ ನಾರ್ಡ್‌ಹೌಸ್ 2015ರಲ್ಲಿ ಹೇಳಿದ ಹವಾಮಾನ ಕ್ಲಬ್ಬಿನ ಹುರುಳು ಇದೇ, ದಂಡ ಅಂದರೆ ಹೊರಗಿನವರ ಸರಕಿನ ಮೇಲೆ ಸುಂಕ. ಯುರೋಪಿನ ಗಡಿ ಇಂಗಾಲ ಶುಲ್ಕವನ್ನು ಇದಕ್ಕೆ ಸಮ ಮಾಡಬೇಡಿ. ಅದು ಕಬ್ಬಿಣ, ಸಿಮೆಂಟ್, ಅಲ್ಯೂಮಿನಿಯಂನಂಥ ಕೆಲವೇ ಸರಕಿನೊಳಗಿನ ಇಂಗಾಲವನ್ನು ನೋಡುತ್ತದೆ, ಸದಸ್ಯತ್ವವನ್ನಲ್ಲ.

ಗುಮ್ಮಟದೂರು:
ತಿಳೀತು, ಒಂದು ಅಂಕಿ ತಪ್ಪಾಗಿ ಜೋಡಿಸಿದ್ದೆ. ಹಂಗಾದ್ರ ಹೊಗೆ ಇಳಿಸೂ ಕ್ಯೋಟೊ ಒಪ್ಪಂದ ಹೆಂಗ ನಿಂತಿತು?

ಎಡದಂಡೆ:
ಅಲ್ಲಿ ದಂಡದ ಬದಲು ಜಾರಿಗೆ ಬರಲು ಹೊಸ್ತಿಲು ಇತ್ತು: 55 ದೇಶ ಅನುಮೋದಿಸಬೇಕು, ಜೊತೆಗೆ ಅವುಗಳಲ್ಲಿ ಮುಂದುವರಿದ ದೇಶಗಳ 1990ರ ಇಂಗಾಲದ ಡೈಆಕ್ಸೈಡಿನಲ್ಲಿ 55% ಪಾಲು ಇರಬೇಕು. ಸುಮಾರು 36% ಇದ್ದ ಅಮೆರಿಕ 2001ರಲ್ಲಿ ಕೈಬಿಟ್ಟಿತು. ಉಳಿದ 64ರಲ್ಲಿ ರಷ್ಯಾದ 17 ಕಳೆದರೆ 47, ಹೊಸ್ತಿಲು ಮುಟ್ಟದು. ರಷ್ಯಾಕ್ಕೆ ಅಷ್ಟು ಬೆಲೆ ಬಂದದ್ದು ಹಾಗೆ. 2004ರ ಮೇನಲ್ಲಿ ಅದರ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಪ್ರವೇಶಕ್ಕೆ ಯುರೋಪ್ ಒಪ್ಪಿತು, ನವೆಂಬರಿನಲ್ಲಿ ರಷ್ಯಾ ಅನುಮೋದಿಸಿತು, 2005ರ ಫೆಬ್ರವರಿ 16ಕ್ಕೆ ಜಾರಿ. ಹೊಸ್ತಿಲು ಒಳಗೆ ಕರೆತರುತ್ತದೆ, ಹಿಡಿದಿಡುವುದಿಲ್ಲ. 2011ರಲ್ಲಿ ಕೆನಡಾ ಹೊರಟಾಗ ತಡೆಯಲು ಏನೂ ಇರಲಿಲ್ಲ. ಓಝೋನ್ ಪದರ ಉಳಿಸುವ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಹೊರಗಿನವರ ಜೊತೆ ವ್ಯಾಪಾರಕ್ಕೇ ತಡೆ ಇತ್ತು, 1990ರಲ್ಲಿ ಬಡ ದೇಶಗಳಿಗೆ ನಿಧಿಯೂ ಸೇರಿತು. ಭಾರತ 1992ರಲ್ಲಿ ಒಳಗೆ ಬಂತು.

ಕುಂದಾನಗರಿ:
ಒಂದು ಎಚ್ಚರಿಕಿ. ಬೇಸಿಕ್ ಗುಂಪು (ಬ್ರೆಜಿಲ್, ದಕ್ಷಿಣ ಆಫ್ರಿಕಾ, ಭಾರತ, ಚೀನಾ), ಸಣ್ಣ ದ್ವೀಪದೇಶಗಳ ಗುಂಪು ಇವನ್ನ ಈ ಲೆಕ್ಕದಾಗ ಕೂಟ ಅಂತ ಹಾಕಬ್ಯಾಡ್ರಿ. ಅವು ಚೌಕಾಸಿಗೆ ಒಂದಾದವು, ಕೂಡಿ ಹೊಗೆ ಇಳಿಸಾಕ ಅಲ್ಲ. ಮತ್ತ ಆ 3.5 ಹಾಕೂದರಾಗ ಹಾಕಿದವಗೂ ನಷ್ಟ ಐತಿ; ಸುಂಕದಿಂದ ಅವನ ಮನಿ ಸರಕೂ ತುಟ್ಟಿ. ಬಿಟ್ಟವನ ಮ್ಯಾಲೆ ಖರೇನ ಹಾಕ್ತಾರಂತ ನಂಬೂದು ಹೆಂಗ ಅನ್ನೂದು ಬ್ಯಾರೆ ಲೆಕ್ಕ, ಅದನ್ನ ಮತ್ತೊಂದು ಹಂತ ಮಾಡಿ ಬಿಡಸಬೇಕಾಕೈತಿ.