ಎಂಟು ಅಕ್ಷರದ ಸಂಖ್ಯೆಗಾಗಿ ಇಡೀ ಕಡತ ಮೆಮೊರಿಯಲ್ಲಿ ಉಳಿಯುವುದೇಕೆ? (ಜಾವಾ 1.4)

ಪ್ರಶ್ನೆ (ಸೋಮವಾರಪೇಟೆಯಿಂದ):
ನಮ್ಮ ಭಾಗದ ಕಾಫಿ ಖರೀದಿ ಕೇಂದ್ರವೊಂದರಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿ 1.4ರಲ್ಲಿ ಬರೆದ ತೂಕದ ಲೆಕ್ಕದ ಪ್ರೋಗ್ರಾಂ ಇಂದಿಗೂ ನಡೆಯುತ್ತಿದ್ದು, ಅದರ ದುರಸ್ತಿ ನನ್ನ ಪಾಲಿಗೆ ಬಂದಿದೆ. ಹಿಂದಿನ ವರ್ಷಗಳ ಕಡತಗಳನ್ನು, ಒಂದೊಂದರಲ್ಲೂ ಸುಮಾರು 20 ಲಕ್ಷ ಅಕ್ಷರ, ಅದು ಸ್ಟ್ರಿಂಗ್‌ಬಫರ್‌ಗೆ (ತಿದ್ದಬಹುದಾದ ಪಠ್ಯದ ಸಂಗ್ರಹ) ಓದಿಕೊಂಡು, ಟುಸ್ಟ್ರಿಂಗ್ ಮಾಡಿ (ಸ್ಟ್ರಿಂಗ್, ಅಂದರೆ ಬದಲಾಗದ ಪಠ್ಯವಾಗಿಸಿ), ಸಬ್‌ಸ್ಟ್ರಿಂಗ್ (ಪಠ್ಯದ ತುಣುಕು ತೆಗೆಯುವ ಆದೇಶ) ಮೂಲಕ ಬೆಳೆಗಾರರ ಎಂಟು ಅಕ್ಷರದ ಖಾತೆ ಸಂಖ್ಯೆಯನ್ನಷ್ಟೇ ಹ್ಯಾಶ್‌ಮ್ಯಾಪ್‌ನಲ್ಲಿ (ಬೇಗ ಹುಡುಕಲು ಬರುವ ಪಟ್ಟಿ) ಇಡುತ್ತದೆ. ಹನ್ನೆರಡನೆಯ ಕಡತದ ಹೊತ್ತಿಗೆ 64 ಎಂಬಿ ಹೀಪ್ (ಪ್ರೋಗ್ರಾಂ ಬಳಸುವ ಮೆಮೊರಿ) ತುಂಬಿ ನಿಂತುಬಿಡುತ್ತದೆ. ಬಫರನ್ನು ನಾನು ಎಲ್ಲಿಯೂ ಹಿಡಿದಿಟ್ಟಿಲ್ಲ; ಹಾಗಾಗಿ ಅದರ ಮೆಮೊರಿ ತಾನಾಗಿ ಬಿಡುಗಡೆಯಾಗಬೇಕಿತ್ತು.

ಉತ್ತರ 1 (ಮಡಿಕೇರಿಯಿಂದ):
ಬಫರನ್ನು ನೀವು ಬಿಟ್ಟಿದ್ದರೂ ಅದರೊಳಗಿನ ಅರೇಯನ್ನು (ಅಕ್ಷರಗಳನ್ನು ಸಾಲಾಗಿ ಇಟ್ಟ ಜಾಗವನ್ನು) ಖಾತೆ ಸಂಖ್ಯೆಗಳು ಬಿಟ್ಟಿಲ್ಲ. ಆ ಕಾಲದ ಸ್ಟ್ರಿಂಗ್‌ನಲ್ಲಿ ಅಕ್ಷರಗಳ ಅರೇಯ ಜೊತೆಗೆ, ಎಲ್ಲಿಂದ ಆರಂಭ, ಎಷ್ಟು ಅಕ್ಷರ ಎಂಬ ಎರಡು ಸಂಖ್ಯೆಗಳಿರುತ್ತಿದ್ದವು. ಸಬ್‌ಸ್ಟ್ರಿಂಗ್ ಆ ಸಂಖ್ಯೆಗಳನ್ನು ಮಾತ್ರ ಬದಲಿಸಿ ಅದೇ ಅರೇಯನ್ನು ಹಂಚಿಕೊಳ್ಳುತ್ತಿತ್ತು. ಟುಸ್ಟ್ರಿಂಗ್ ಕೂಡ ಬಫರಿನ ಅರೇಯನ್ನೇ ಪಡೆಯುತ್ತಿದ್ದುದರಿಂದ, ಜಾಗ ಸಾಲದಾದಾಗಲೆಲ್ಲ ಸುಮಾರು ಇಮ್ಮಡಿಯಾಗಿ ಬೆಳೆದ ಬಫರಿನ ಕೊನೆಯ ಖಾಲಿ ಭಾಗವೂ ಜೊತೆಗೆ ಉಳಿಯುತ್ತದೆ. ಅಕ್ಷರಕ್ಕೆ 2 ಬೈಟ್‌ನಂತೆ ಕಡತವೊಂದಕ್ಕೆ ಕನಿಷ್ಠ 40 ಲಕ್ಷ ಬೈಟ್ ಆಗುತ್ತದೆ. ಸಬ್‌ಸ್ಟ್ರಿಂಗ್ ಕೊಟ್ಟದ್ದನ್ನು ನ್ಯೂ ಸ್ಟ್ರಿಂಗ್‌ನಿಂದ (ಹೊಸ ಸ್ಟ್ರಿಂಗ್ ಮಾಡುವ ಆದೇಶ) ಮತ್ತೆ ಕಟ್ಟಿ ಮ್ಯಾಪ್‌ಗೆ ಹಾಕಿರಿ. ಆಗ ಎಂಟು ಅಕ್ಷರಗಳಷ್ಟೇ ನಕಲಾಗುತ್ತವೆ.

ಉತ್ತರ 2 (ಗೋಣಿಕೊಪ್ಪಲಿನಿಂದ):
ಅರೇ ಹಂಚಿಕೊಳ್ಳುವ ಈ ವಿನ್ಯಾಸವನ್ನು ಅವಿವೇಕವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕೂಡಿಕೆ ಚಿಹ್ನೆಯಿಂದ ಪಠ್ಯ ಜೋಡಿಸಿದಾಗಲೆಲ್ಲ ಕಂಪೈಲರ್ (ಬರೆದ ಕೋಡನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ಸಾಧನ) ಒಂದು ಸ್ಟ್ರಿಂಗ್‌ಬಫರ್ ಸೃಷ್ಟಿಸಿ, ಟುಸ್ಟ್ರಿಂಗ್ ಮಾಡಿ, ಬಫರನ್ನು ಕೂಡಲೇ ಬಿಟ್ಟುಬಿಡುತ್ತಿತ್ತು. ಹಾಗೆ ಬಿಟ್ಟುಬಿಡುವ ಅರೇಯನ್ನು ನಕಲಿಸುವುದು 1996ರ ಯಂತ್ರಗಳಲ್ಲಿ ನಿಜವಾದ ನಷ್ಟವಾಗಿತ್ತು. ಸ್ಟ್ರಿಂಗ್ ಬದಲಾಗದ ವಸ್ತುವಾದ್ದರಿಂದ ಹಂಚಿಕೆ ಸುರಕ್ಷಿತ. ಬದಲಾಗಬಲ್ಲ ಬಫರ್ ಮಾತ್ರ 'ಹಂಚಿಕೆಯಾಗಿದೆ' ಎಂಬ ಗುರುತು ಇಟ್ಟುಕೊಂಡು, ಒಳಗಿರುವ ಅಕ್ಷರವನ್ನು ತಿದ್ದುವ ಮೊದಲು ತನಗೆ ಬೇರೆ ಅರೇ ಮಾಡಿಕೊಳ್ಳುತ್ತಿತ್ತು. ಇದು ಜಾಣ ಏರ್ಪಾಡೇ. ಆದರೆ ಪುಟ್ಟ ತುಣುಕೊಂದು ದೊಡ್ಡ ಅರೇಯ ಆಯುಷ್ಯವನ್ನು ನಿರ್ಧರಿಸುತ್ತದೆ ಎಂಬುದು ಕೋಡ್ ಓದುವವರಿಗೆ ಕಾಣಿಸದಿರುವುದನ್ನು ನಾನು ದೊಡ್ಡ ದೋಷವೆಂದೇ ಎಣಿಸುತ್ತೇನೆ. 1.4ರ ನಂತರದ ಆವೃತ್ತಿಯಾದ 2004ರ ಜಾವಾ 5ರಲ್ಲಿ ಟುಸ್ಟ್ರಿಂಗ್ ನಕಲಿಸತೊಡಗಿತು. 2012ರಲ್ಲಿ, ಜಾವಾ 7ರ 6ನೇ ಅಪ್‌ಡೇಟ್‌ನಿಂದ, ಸಬ್‌ಸ್ಟ್ರಿಂಗ್ ಕೂಡ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಖಾತೆ ಸಂಖ್ಯೆಯನ್ನು ಸರಿಪಡಿಸಿದ ಮೇಲೂ ಹೀಪ್ ತುಂಬುತ್ತಿದ್ದುದರಿಂದ ಮತ್ತೆ ಹುಡುಕಿದೆ. ಊರಿನ ಹೆಸರನ್ನೂ ಸಬ್‌ಸ್ಟ್ರಿಂಗ್‌ನಿಂದಲೇ ತೆಗೆದು ಇನ್ನೊಂದು ಮ್ಯಾಪ್‌ಗೆ ಹಾಕಲಾಗಿತ್ತು. ಅದನ್ನೂ ತಿದ್ದಿದ ಬಳಿಕ ಎಲ್ಲ ಕಡತಗಳೂ ಅದೇ 64 ಎಂಬಿಯಲ್ಲಿ ಮುಗಿದಿವೆ.